ಫಾಂಡೆಂಟ್, ಗಮ್ ಪೇಸ್ಟ್: ಮನೆಯಲ್ಲಿ ಕೇಕ್ ಅಲಂಕಾರ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಮಳೆಗಾಲದಲ್ಲಿ ಕೇಕ್ ಮಾಡುವವರ ಕಷ್ಟ ಬೇರೆ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಮಾಡುವವರ ಕಷ್ಟ ಬೇರೆ. ಆದರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಫಾಂಡೆಂಟ್ (ಕೇಕ್ ಮೇಲೆ ಹೊದಿಸುವ, ಹಿಟ್ಟಿನಂತೆ ನಾದಿದ ಸಕ್ಕರೆ ಮುದ್ದೆ) ಬೆವರುತ್ತಿದೆ, ಬಿರುಕು ಬಿಡುತ್ತಿದೆ, ಕೈಗೆ ಅಂಟುತ್ತಿದೆ, ಎಷ್ಟು ದಿನ ಆದರೂ ಒಣಗುತ್ತಿಲ್ಲ. ಇವಿಷ್ಟರ ಹಿಂದೆಯೂ ಇರುವುದು ನೀರು. ಫಾಂಡೆಂಟ್‌ನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಸಕ್ಕರೆಯೇ ಇರುತ್ತದೆ, ಸಕ್ಕರೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಇದೊಂದನ್ನು ನೆನಪಿಟ್ಟುಕೊಂಡು ಓದಿ, ಕೆಳಗಿನ ಅರ್ಧ ಉತ್ತರಗಳು ನಿಮಗೇ ಹೊಳೆಯುತ್ತವೆ.

ಫಾಂಡೆಂಟ್ ಮತ್ತು ಗಮ್ ಪೇಸ್ಟ್ ಎರಡೂ ಒಂದೇನಾ?

ಅಲ್ಲ. ಫಾಂಡೆಂಟ್ ಇರುವುದು ಕೇಕ್ ಮೇಲೆ ಹೊದಿಸುವುದಕ್ಕೆ. ಅದರಲ್ಲಿ ಗ್ಲೂಕೋಸ್, ಗ್ಲಿಸರಿನ್ ಇರುವುದರಿಂದ ಒಳಗೆ ಮೆತ್ತಗೇ ಉಳಿಯುತ್ತದೆ, ಚಾಕುವಿನಲ್ಲಿ ಕತ್ತರಿಸಿ ತಿನ್ನಬಹುದು. ಗಮ್ ಪೇಸ್ಟ್ ಇರುವುದು ಹೂವು, ಎಲೆ, ರಿಬ್ಬನ್ ಗಂಟು, ಬೊಂಬೆಯ ಕೊಡೆ, ಇಂಥ ನೆಟ್ಟಗೆ ನಿಲ್ಲಬೇಕಾದ ವಸ್ತುಗಳಿಗೆ. ಅದರಲ್ಲಿ ಗ್ಲಿಸರಿನ್ ಇಲ್ಲ, ಬದಲಿಗೆ ಟೈಲೋಸ್ ಎಂಬ ಅಂಟುಪುಡಿ ಇರುತ್ತದೆ. ಹಾಗಾಗಿ ಪೂರ್ತಿ ಒಣಗಿ ಗಟ್ಟಿಯಾಗುತ್ತದೆ. ಗಮ್ ಪೇಸ್ಟನ್ನು ಎಷ್ಟು ತೆಳ್ಳಗೆ ಲಟ್ಟಿಸಬಹುದು ಅಂದರೆ ಕೆಳಗಿಟ್ಟ ಕಾಗದದ ಅಕ್ಷರ ಕಾಣುತ್ತದೆ. ಫಾಂಡೆಂಟನ್ನು ಹಾಗೆ ಮಾಡಲು ಹೋದರೆ ಹರಿದುಹೋಗುತ್ತದೆ.

ಎಕ್ಲೇರ್ ಎಂಬ ಕ್ರೀಮ್ ತುಂಬಿದ ಪೇಸ್ಟ್ರಿಯ ಮೇಲೆ ಸುರಿಯುವ ಪಾಕದ ಫಾಂಡೆಂಟ್ ಮೂರನೆಯದು. ಸಕ್ಕರೆ ಪಾಕವನ್ನು ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆರಿಸಿ, ಬಿಳಿಯಾಗುವ ತನಕ ತಿಕ್ಕಿ ಮಾಡುವಂಥದ್ದು. ಇಲ್ಲಿ ಅದರ ವಿಷಯ ಇಲ್ಲ.

ಗ್ಲೂಕೋಸ್, ಗ್ಲಿಸರಿನ್, ಜೆಲಟಿನ್… ಇಷ್ಟೆಲ್ಲ ಯಾಕೆ? ಒಂದೆರಡು ಬಿಟ್ಟರೆ ಆಗಲ್ವಾ?

ಬಿಟ್ಟರೆ ಏನಾಗುತ್ತದೆ ಅಂತ ಗೊತ್ತಿದ್ದು ಬಿಡಿ. ಲಿಕ್ವಿಡ್ ಗ್ಲೂಕೋಸ್ ಸಕ್ಕರೆ ಮತ್ತೆ ಹರಳುಗಟ್ಟದ ಹಾಗೆ ತಡೆಯುತ್ತದೆ. ಗ್ಲಿಸರಿನ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಜೆಲಟಿನ್‌ನಿಂದ ಎಳೆತ ಬರುತ್ತದೆ, ಅದಿಲ್ಲದಿದ್ದರೆ ಎತ್ತುವಾಗಲೇ ತುಂಡಾಗುತ್ತದೆ. ವನಸ್ಪತಿ ಅಥವಾ ಬಿಳಿ ಶಾರ್ಟನಿಂಗ್ ಕೈಗೂ ಕಲ್ಲಿಗೂ ಅಂಟದ ಹಾಗೆ ನೋಡಿಕೊಳ್ಳುತ್ತದೆ. ತುಪ್ಪ, ಬೆಣ್ಣೆ ಹಾಕಿದರೆ ಬಣ್ಣ ಹಳದಿಗೆ ತಿರುಗುತ್ತದೆ. ಕೊಬ್ಬರಿ ಎಣ್ಣೆ ನಮ್ಮ ಬಿಸಿಲಿಗೆ ಕರಗಿ ನೀರಾಗಿರುತ್ತದೆ, ಅದೂ ಬೇಡ.

ಸರಿ, ಅಳತೆ ಹೇಳಿ.

ಐಸಿಂಗ್ ಶುಗರ್ 900 ಗ್ರಾಂ, ಜೆಲಟಿನ್ 1 ಟೇಬಲ್ ಚಮಚ, ನೀರು ಕಾಲು ಕಪ್, ಲಿಕ್ವಿಡ್ ಗ್ಲೂಕೋಸ್ ಅರ್ಧ ಕಪ್, ಗ್ಲಿಸರಿನ್ 1 ಟೇಬಲ್ ಚಮಚ, ಶಾರ್ಟನಿಂಗ್ 1 ಟೇಬಲ್ ಚಮಚ, ನಿಂಬೆರಸ 1 ಟೀ ಚಮಚ.

ತಣ್ಣೀರಿನ ಮೇಲೆ ಜೆಲಟಿನ್ ಉದುರಿಸಿ ಹತ್ತು ನಿಮಿಷ ನೆನೆಯಲು ಬಿಡಿ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಕುದಿಸಬೇಡಿ, ಕುದಿಸಿದರೆ ಎಳೆತ ಹೋಗುತ್ತದೆ. ಅದಕ್ಕೆ ಗ್ಲೂಕೋಸ್, ಗ್ಲಿಸರಿನ್, ಶಾರ್ಟನಿಂಗ್, ನಿಂಬೆರಸ ಸೇರಿಸಿ. ಸಕ್ಕರೆಯಲ್ಲಿ ಮುಕ್ಕಾಲು ಭಾಗ ಒಂದು ಬೋಗುಣಿಗೆ ಹಾಕಿ, ನಡುವೆ ಗುಳಿ ಮಾಡಿ, ಈ ಪಾಕ ಸುರಿದು ಕಲಸಿ. ಉಳಿದ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ನಾದಿ. ಇಲ್ಲಿ ಅವಸರ ಬೇಡ. ಹುಬ್ಬಳ್ಳಿಯ ಒಣ ಹವೆಯಲ್ಲಿ 800 ಗ್ರಾಂಗೇ ಹದ ಬಂದುಬಿಡಬಹುದು, ಉಡುಪಿಯಲ್ಲಿ ಜುಲೈ ತಿಂಗಳಾದರೆ 900 ಪೂರ್ತಿ ಹಿಡಿಸಿ ಮೇಲೆ ಇನ್ನಷ್ಟು ಕೇಳಬಹುದು. ಚಪಾತಿ ಹಿಟ್ಟಿಗಿಂತ ಒಂದು ಗುಲಗಂಜಿ ಗಟ್ಟಿ ಇದ್ದರೆ ಸರಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಬಿಡಿ, ಮರುದಿನ ಬಳಸಿ. ಮಾಡಿದ ತಕ್ಷಣ ಲಟ್ಟಿಸುವುದಕ್ಕೂ ಮರುದಿನ ಲಟ್ಟಿಸುವುದಕ್ಕೂ ಇರುವ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಗ್ಲಿಸರಿನ್ ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ತಿನ್ನಲು ಯೋಗ್ಯ ಅಂತ ಬರೆದಿರುವುದನ್ನೇ ತನ್ನಿ. ಚರ್ಮಕ್ಕೆ ಹಚ್ಚುವ ಬಾಟಲಿ ಬೇಡ.

ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ನಡೆಯುತ್ತಾ?

ಕೇಕ್ ಹಿಟ್ಟಿಗೆ ನಡೆಯುತ್ತದೆ. ಫಾಂಡೆಂಟ್‌ಗೆ ನಡೆಯುವುದಿಲ್ಲ. ಮಿಕ್ಸಿ ಎಷ್ಟೇ ತಿರುಗಿಸಿದರೂ ಸಣ್ಣ ಕಾಳು ಉಳಿಯುತ್ತದೆ, ತೆಳ್ಳಗೆ ಲಟ್ಟಿಸುವಾಗ ಆ ಕಾಳು ಇರುವಲ್ಲೇ ಸೀಳುತ್ತದೆ. ಅಂಗಡಿಯ ಐಸಿಂಗ್ ಶುಗರ್ ತಂದು ಎರಡು ಸಲ ಜರಡಿ ಹಿಡಿಯಿರಿ.

ನಾವು ಸಸ್ಯಾಹಾರಿಗಳು. ಏನು ಮಾಡೋದು?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುವಂಥದ್ದು. ಮಾರ್ಷ್‌ಮೆಲೋ ಕರಗಿಸಿ ಫಾಂಡೆಂಟ್ ಮಾಡುವ ವಿಧಾನ ಸುಲಭ ಅಂತ ಎಲ್ಲರೂ ತೋರಿಸುತ್ತಾರೆ, ಆದರೆ ಸಾಮಾನ್ಯ ಮಾರ್ಷ್‌ಮೆಲೋದಲ್ಲೂ ಜೆಲಟಿನ್ ಇರುತ್ತದೆ. ಎಗ್‌ಲೆಸ್ ಅಂತ ಹೇಳಿ ಜೆಲಟಿನ್ ಹಾಕಿದ ಕೇಕ್ ಕೊಡುವುದು ನಂಬಿದವರಿಗೆ ಮಾಡುವ ಮೋಸ. ಮೊಟ್ಟೆ ಇಲ್ಲ ಅಂದರೆ ಮಾಂಸಮೂಲದ್ದು ಇಲ್ಲ ಅಂತ ಅರ್ಥ ಅಲ್ವಲ್ಲ.

ದಾರಿ ಎರಡಿವೆ. ಹಸಿರು ಚುಕ್ಕೆ ಇರುವ ರೆಡಿಮೇಡ್ ಫಾಂಡೆಂಟ್ ತರುವುದು, ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ. ಇಲ್ಲವೇ ಜೆಲಟಿನ್ ಬದಲು ಅಗರ್ ಅಗರ್, ಅಂದರೆ ಚೈನಾ ಗ್ರಾಸ್ ಹಾಕಿ ಮನೆಯಲ್ಲೇ ಮಾಡುವುದು. ಅಗರ್ ಅಗರ್ ಅನ್ನು ಕುದಿಸಲೇಬೇಕು, ಬರೀ ಬಿಸಿನೀರಲ್ಲಿ ಕರಗುವುದಿಲ್ಲ. ಎಳೆತ ಸ್ವಲ್ಪ ಕಡಿಮೆ, ಅದಕ್ಕೆ ಚಿಟಿಕೆ ಟೈಲೋಸ್ ಸೇರಿಸಿಕೊಂಡರೆ ಸರಿಹೋಗುತ್ತದೆ.

ಗಮ್ ಪೇಸ್ಟ್ ಮನೆಯಲ್ಲಿ ಹೇಗೆ?

ಮೊಟ್ಟೆ ಬಳಸುವವರಾದರೆ: ಒಂದು ಮೊಟ್ಟೆಯ ಬಿಳಿಭಾಗ (ಸುಮಾರು 30 ಗ್ರಾಂ), ಐಸಿಂಗ್ ಶುಗರ್ 225 ಗ್ರಾಂ, ಟೈಲೋಸ್ 3 ಟೀ ಚಮಚ, ಶಾರ್ಟನಿಂಗ್ 1 ಟೀ ಚಮಚ. ಬಿಳಿಭಾಗವನ್ನು ಸ್ವಲ್ಪ ಕಡೆದು ಸಕ್ಕರೆ ಸೇರಿಸಿ. ಕೊನೆಗೆ ಟೈಲೋಸ್ ಉದುರಿಸಿದ ಕೂಡಲೇ ಬಿಗಿಯಾಗಲು ಶುರುವಾಗುತ್ತದೆ. ಶಾರ್ಟನಿಂಗ್ ಸವರಿದ ಕೈಯಲ್ಲಿ ನಾದಿ, ಸುತ್ತಿ, ಫ್ರಿಜ್‌ನಲ್ಲಿ 24 ಗಂಟೆ ಇಡಿ. ಟೈಲೋಸ್ ನೀರು ಹೀರಿಕೊಂಡು ಪೂರ್ತಿ ಕೆಲಸ ಮಾಡಲು ಅಷ್ಟು ಹೊತ್ತು ಬೇಕು. ಹಸಿ ಮೊಟ್ಟೆಯ ಭಯ ಇದ್ದರೆ ಮೊಟ್ಟೆಯ ಬಿಳಿಭಾಗದ ಪುಡಿ ಸಿಗುತ್ತದೆ, ಅದನ್ನು ನೀರಲ್ಲಿ ಕಲಸಿ ಬಳಸಿ. ಪುಟ್ಟ ಮಕ್ಕಳ ಕೇಕ್‌ಗೆ ಪುಡಿಯೇ ಒಳ್ಳೆಯದು.

ಮೊಟ್ಟೆ ಬೇಡ ಅಂದರೆ ಅತಿ ಸುಲಭದ್ದು ಇದು: ಹಸಿರು ಚುಕ್ಕೆಯ ಫಾಂಡೆಂಟ್ 250 ಗ್ರಾಂ, ಅದಕ್ಕೆ 1 ಟೀ ಚಮಚ ಟೈಲೋಸ್ ಹಾಕಿ ನಾದಿ ಕೆಲವು ಗಂಟೆ ಬಿಡಿ. ಬೊಂಬೆ, ಅಕ್ಷರ, ಬೋ, ದಪ್ಪ ಎಸಳಿನ ಹೂವುಗಳಿಗೆ ಇದು ಧಾರಾಳ ಸಾಕು. ತುಂಬ ತೆಳು ಎಸಳು ಬೇಕಾದರೆ ಮಾತ್ರ ನಿಜವಾದ ಗಮ್ ಪೇಸ್ಟ್.

ಟೈಲೋಸ್, ಸಿಎಂಸಿ ಬೇರೆ ಬೇರೆನಾ?

ಅಂಗಡಿಯಲ್ಲಿ ಎರಡು ಹೆಸರು, ಕೆಲಸ ಒಂದೇ. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಅಂತ ಪೂರ್ತಿ ಹೆಸರು, ಪ್ಯಾಕೆಟ್ ಮೇಲೆ ಐಎನ್‌ಎಸ್ 466 ಅಂತ ಇರುತ್ತದೆ. ಕಾಲು ಟೀ ಚಮಚ ಟೈಲೋಸನ್ನು ಎರಡು ಟೇಬಲ್ ಚಮಚ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ತಿನ್ನಬಹುದಾದ ಅಂಟು ಸಿದ್ಧ.

ಒಂದು ಕೇಕ್‌ಗೆ ಎಷ್ಟು ಫಾಂಡೆಂಟ್ ಬೇಕು?

ಕೇಕ್‌ನ ಅಗಲ, ಅದಕ್ಕೆ ಎತ್ತರದ ಎರಡರಷ್ಟು, ಮೇಲೆ ಎರಡು ಇಂಚು. ಎಂಟು ಇಂಚು ಅಗಲ, ನಾಲ್ಕು ಇಂಚು ಎತ್ತರದ ಕೇಕ್ ಆದರೆ 18 ಇಂಚಿನ ವೃತ್ತ ಲಟ್ಟಿಸಬೇಕು. ಮೂರೂವರೆ ಮಿಲಿಮೀಟರ್ ದಪ್ಪಕ್ಕೆ ಸುಮಾರು 800 ಗ್ರಾಂ ಹಿಡಿಯುತ್ತದೆ. ಆದರೆ ಕೇಕ್ ಮೇಲೆ ಕೊನೆಗೆ ಉಳಿಯುವುದು ಸುಮಾರು 480 ಗ್ರಾಂ ಮಾತ್ರ, ಮಿಕ್ಕಿದ್ದು ಅಂಚಿನಲ್ಲಿ ಕತ್ತರಿಸಿ ತೆಗೆಯುವಂಥದ್ದು. ಕೇಕ್ ಚೂರು ತಾಗದ ಭಾಗವನ್ನು ಮತ್ತೆ ನಾದಿ ಇಟ್ಟುಕೊಳ್ಳಬಹುದು. ಬೆಲೆ ಲೆಕ್ಕ ಹಾಕುವಾಗ ಮಾತ್ರ 800 ಗ್ರಾಂ ಅಂತಲೇ ಹಿಡಿಯಿರಿ. ಹೊಸದಾಗಿ ಮಾರಾಟ ಶುರು ಮಾಡಿದ ಎಷ್ಟೋ ಹೆಣ್ಣುಮಕ್ಕಳು ಇಲ್ಲೇ ಕೈಯಿಂದ ದುಡ್ಡು ಹಾಕಿಕೊಳ್ಳುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ವಿಪ್ಪಿಂಗ್ ಕ್ರೀಮ್ ಮೇಲೆ ಫಾಂಡೆಂಟ್ ಹೊದಿಸಬಹುದಾ?

ಪೂರ್ತಿ ಹೊದಿಸಬೇಡಿ. ಕ್ರೀಮ್‌ನಲ್ಲಿ ನೀರಿನಂಶ ಜಾಸ್ತಿ. ಅದು ಸಕ್ಕರೆಯನ್ನು ಕರಗಿಸುತ್ತದೆ, ಒಳಗಿನಿಂದ ಮೆತ್ತಗಾಗಿ ಫಾಂಡೆಂಟ್ ಭಾರಕ್ಕೆ ಜಾರುತ್ತದೆ. ಅಲ್ಲದೆ ಕ್ರೀಮ್ ಕೇಕ್ ಫ್ರಿಜ್‌ನಲ್ಲೇ ಇರಬೇಕು, ಫಾಂಡೆಂಟ್‌ಗೆ ಫ್ರಿಜ್ ಆಗುವುದಿಲ್ಲ. ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಬೇಡ.

ಒಳಗೆ ಹಾಕಬೇಕಾದ್ದು ಗನಾಶ್, ಅಂದರೆ ಬಿಸಿ ಕ್ರೀಮ್‌ನಲ್ಲಿ ಕರಗಿಸಿದ ಚಾಕೊಲೇಟ್. ಡಾರ್ಕ್ ಚಾಕೊಲೇಟ್ ಆದರೆ ಎರಡು ಪಾಲು ಚಾಕೊಲೇಟ್‌ಗೆ ಒಂದು ಪಾಲು ಕ್ರೀಮ್, ವೈಟ್ ಆದರೆ ಮೂರಕ್ಕೆ ಒಂದು. ಬೇಸಿಗೆಯಲ್ಲಿ ಚಾಕೊಲೇಟ್ ಇನ್ನೂ ಅರ್ಧ ಪಾಲು ಏರಿಸಿ. ನಮ್ಮಲ್ಲಿ ಟೆಟ್ರಾಪ್ಯಾಕ್‌ನಲ್ಲಿ ಸಿಗುವ 25 ಶೇಕಡಾ ಕೊಬ್ಬಿನ ಕ್ರೀಮ್ ಇದಕ್ಕೆ ಚೆನ್ನಾಗಿ ಆಗುತ್ತದೆ. ಬಳಿದು, ರಾತ್ರಿ ಗಟ್ಟಿಯಾಗಲು ಬಿಟ್ಟು, ಬೆಳಗ್ಗೆ ಬಿಸಿ ಚಾಕುವಿನಲ್ಲಿ ಅಂಚು ನೇರ ಮಾಡಿಕೊಳ್ಳಿ. ಮೇಲಿನ ಮೂಲೆಯನ್ನು ಮಾತ್ರ ಬೆರಳಲ್ಲಿ ಚೂರು ಗುಂಡಗೆ ಮಾಡಿ, ತೀರಾ ಚೂಪಾಗಿದ್ದರೆ ಫಾಂಡೆಂಟ್ ಅಲ್ಲೇ ಹರಿಯುತ್ತದೆ.

ಗಿರಾಕಿಗೆ ಕ್ರೀಮ್ ಕೇಕೇ ಬೇಕು, ಆದರೆ ಮೇಲೆ ಬೊಂಬೆಯೂ ಬೇಕು ಅಂತಿದ್ದರೆ ಸೆಮಿ ಫಾಂಡೆಂಟ್ ಕೇಕ್ ಮಾಡಿ. ಕ್ರೀಮ್ ಕೇಕ್ ಹಾಗೇ ಇರಲಿ, ಫಾಂಡೆಂಟ್ ಅಕ್ಷರ, ಬೊಂಬೆಗಳನ್ನು ಕೇಕ್ ಒಯ್ಯುವ ಸ್ವಲ್ಪ ಮೊದಲು ಇಡಿ. ಅವುಗಳ ಬೆನ್ನಿಗೆ ಕರಗಿಸಿದ ಚಾಕೊಲೇಟ್ ಬಳಿದು ಒಣಗಿಸಿದ್ದರೆ ಕ್ರೀಮ್‌ನ ತೇವ ಮೇಲೆ ಹತ್ತುವುದಿಲ್ಲ.

ಹೊದಿಸುವಾಗ ಕೆಳಗೆ ನೆರಿಗೆ ಬೀಳುತ್ತೆ, ಅಂಚು ಹರಿಯುತ್ತೆ. ಯಾಕೆ?

ನೆರಿಗೆ ಬೀಳುವುದು ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯುವುದರಿಂದ. ಮೊದಲು ಮೇಲ್ಭಾಗ ಒತ್ತಿ ಗಾಳಿ ಹೊರಗೆ ಹಾಕಿ, ಆಮೇಲೆ ಮೇಲಿನ ಅಂಚು ಸುತ್ತ ಹಿಡಿಸಿಬಿಡಿ, ಹರಿಯುವ ಜಾಗ ಅದೇ ಆದ್ದರಿಂದ ಅದನ್ನು ಮೊದಲು ಭದ್ರ ಮಾಡಬೇಕು. ಇನ್ನು ಬದಿಗೆ ಬನ್ನಿ. ಒಂದು ಕೈಯಲ್ಲಿ ಕೆಳಗಿನ ನೆರಿಗೆಯನ್ನು ಹೊರಗೆ ಬಿಡಿಸಿ ಹಿಡಿದು, ಇನ್ನೊಂದು ಅಂಗೈಯಲ್ಲಿ ಎರಡೆರಡು ಇಂಚು ಕೆಳಗೆ ಸವರುತ್ತಾ ಕೇಕ್ ತಿರುಗಿಸಿ. ಎಳೆಯಬೇಡಿ, ಸವರಿ. ಒಂದು ಸುತ್ತು ಮುಗಿದ ಮೇಲೆ ಮುಂದಿನ ಎರಡು ಇಂಚು.

ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ, ಕ್ಲಾಸುಗಳಲ್ಲಿ ಎಲಿಫೆಂಟ್ ಸ್ಕಿನ್ ಅನ್ನುತ್ತಾರಲ್ಲ ಅದು, ಲಟ್ಟಿಸುವಷ್ಟರಲ್ಲೇ ಮೇಲ್ಪದರ ಒಣಗಿದೆ ಅಂತ ಅರ್ಥ. ಫ್ಯಾನ್ ಆರಿಸಿ. ಕಾರ್ನ್‌ಫ್ಲೋರ್ ಜಾಸ್ತಿ ಉದುರಿಸಿದ್ದರೂ ಹೀಗಾಗುತ್ತದೆ. ಒಣ ಊರಿನವರು ಕಲ್ಲಿಗೆ ಶಾರ್ಟನಿಂಗ್ ಸವರಿ ಲಟ್ಟಿಸಿ, ಕರಾವಳಿಯವರು ಕಾರ್ನ್‌ಫ್ಲೋರ್ ಬಳಸಿ. ಆಗಲೇ ಬಂದ ಬಿರುಕಿಗೆ ಬೆರಳ ತುದಿಯಲ್ಲಿ ಚೂರು ಶಾರ್ಟನಿಂಗ್ ತೆಗೆದು ವೃತ್ತಾಕಾರ ತಿಕ್ಕಿದರೆ ಬಹುಪಾಲು ಮುಚ್ಚಿಕೊಳ್ಳುತ್ತದೆ. ಗಾಳಿಗುಳ್ಳೆ ಇದ್ದರೆ ಸಣ್ಣ ಸೂಜಿಯನ್ನು ಓರೆಯಾಗಿ ಚುಚ್ಚಿ ಒತ್ತಿ. ಸೂಜಿಗೆ ದೊಡ್ಡ ಬಣ್ಣದ ತಲೆ ಇರಲಿ, ಕಳೆದುಹೋದರೆ ಹುಡುಕಲು.

ಹೊದಿಸಿ ಒಂದು ರಾತ್ರಿ ಆದಮೇಲೆ ಬದಿ ಉಬ್ಬುತ್ತೆ.

ಕೇಕ್ ಕೆಳಗೆ ಕುಸಿಯುತ್ತಿದೆ, ಒಳಗಿನ ಗಾಳಿ ಹೊರಬರುತ್ತಿದೆ. ಪದರ ಜೋಡಿಸಿದ ಮೇಲೆ ಒಂದು ಹಗುರ ಹಲಗೆ ಇಟ್ಟು ಕೆಲವು ಗಂಟೆ ಕೂರಲು ಬಿಡಿ, ಗನಾಶ್ ಆಮೇಲೆ. ತಣ್ಣಗಿರುವ ಕೇಕ್‌ಗೆ ಫಾಂಡೆಂಟ್ ಹೊದಿಸಿದರೂ ಉಬ್ಬುತ್ತದೆ, ಕೋಣೆಯ ಬಿಸಿಗೆ ಬಂದ ಮೇಲೆ ಹೊದಿಸಿ.

ಫ್ರಿಜ್‌ನಲ್ಲಿ ಇಡಲೇಬಾರದಾ? ತೆಗೆದ ಕೂಡಲೇ ಬೆವರುತ್ತೆ.

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನಾಲ್ಕೈದು ಡಿಗ್ರಿಯಲ್ಲಿದ್ದ ಕೇಕ್ ಮೂವತ್ತು ಡಿಗ್ರಿಯ ತೇವದ ಗಾಳಿಗೆ ಬಂದಾಗ ಆ ಗಾಳಿಯ ನೀರು ಕೇಕ್ ಮೇಲೆ ಹನಿಯಾಗಿ ಕೂರುತ್ತದೆ. ಸಕ್ಕರೆ ಆ ಹನಿಯನ್ನು ಕುಡಿದು ಅಂಟಂಟಾಗುತ್ತದೆ, ಬಣ್ಣ ಇಳಿಯುತ್ತದೆ, ಬೊಂಬೆಯ ಕುತ್ತಿಗೆ ಬಾಗುತ್ತದೆ.

ಗನಾಶ್ ಹಾಕಿದ, ಒಳಗೆ ಹಣ್ಣು, ಕಸ್ಟರ್ಡ್, ಹಸಿ ಕ್ರೀಮ್ ಇಲ್ಲದ ಕೇಕ್ ಆದರೆ ಫ್ರಿಜ್ ಬೇಡವೇ ಬೇಡ. ತಂಪಾದ ಕೋಣೆಯಲ್ಲಿ ರಟ್ಟಿನ ಡಬ್ಬದೊಳಗೆ ಒಂದು ದಿನ ಆರಾಮವಾಗಿ ಇರುತ್ತದೆ. ಒಳಗಿನ ಹೂರಣಕ್ಕಾಗಿ ಇಡಲೇಬೇಕು ಅಂತಾದರೆ ಹೀಗೆ ಮಾಡಿ: ಕೇಕನ್ನು ರಟ್ಟಿನ ಡಬ್ಬದೊಳಗಿಟ್ಟು, ಇಡೀ ಡಬ್ಬವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಪೂರ್ತಿ ಸುತ್ತಿ ಫ್ರಿಜ್‌ಗೆ ಇಡಿ. ತೆಗೆದ ಮೇಲೆ ಬಿಚ್ಚಬೇಡಿ. ಎರಡು ಮೂರು ಗಂಟೆ ಹಾಗೇ ಬಿಡಿ. ಹನಿ ಪ್ಲಾಸ್ಟಿಕ್‌ನ ಹೊರಗೆ ಕೂರುತ್ತದೆ, ಒಳಗಿನ ಕೇಕ್ ನಿಧಾನವಾಗಿ ಕೋಣೆಯ ಬಿಸಿಗೆ ಬರುತ್ತದೆ. ಅಷ್ಟಾಗಿಯೂ ಬೆವರಿದರೆ ಮುಟ್ಟಲು ಹೋಗಬೇಡಿ, ಒರೆಸಬೇಡಿ. ಫ್ಯಾನ್ ಗಾಳಿ ದೂರದಿಂದ ಬರಲಿ, ತಾನಾಗಿ ಆರುತ್ತದೆ. ಒರೆಸಿದರೆ ಕಲೆ ಉಳಿದೇ ಉಳಿಯುತ್ತದೆ.

ಮಳೆಗಾಲದಲ್ಲಿ ಗಮ್ ಪೇಸ್ಟ್ ಒಣಗುವುದೇ ಇಲ್ಲ.

ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ಇದ್ದದ್ದೇ. ಟೈಲೋಸ್ ಸ್ವಲ್ಪ ಏರಿಸಿ. ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಹಾಕಿ ಅದೇ ಕೋಣೆಯಲ್ಲಿ ಒಣಗಿಸಿ. ಎಸಿ ಇಲ್ಲದಿದ್ದರೆ ಅವನ್ ಬಿಸಿ ಮಾಡದೆ ಒಳಗಿನ ದೀಪ ಮಾತ್ರ ಹಾಕಿ, ಬಾಗಿಲು ಚೂರು ತೆರೆದು ಇಡಿ, ಆ ದೀಪದ ಕಾವು ಸಾಕು. ಅಡುಗೆಮನೆಯಲ್ಲಿ ಒಣಗಿಸಲೇಬೇಡಿ, ಕುಕ್ಕರ್ ಒಂದು ಸೀಟಿ ಹೊಡೆದರೆ ನಿಮ್ಮ ಅರ್ಧ ದಿನದ ಕೆಲಸ ಹೋಯಿತು.

ರಾಯಚೂರು, ಕಲಬುರಗಿ ಕಡೆಯವರಿಗೆ ಉಲ್ಟಾ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣ. ಹೂವು ಬೇಗ ಒಣಗುತ್ತದೆ, ಆದರೆ ಕೈಯಲ್ಲಿರುವ ಪೇಸ್ಟೂ ಅಷ್ಟೇ ಬೇಗ ಒಣಗುತ್ತದೆ. ಒಂದು ಎಸಳಿಗೆ ಬೇಕಾದಷ್ಟನ್ನೇ ಹೊರತೆಗೆದು ಮಿಕ್ಕಿದ್ದನ್ನು ಮುಚ್ಚಿಡಿ. ಬೆಂಗಳೂರು, ಮೈಸೂರಿನವರಿಗೆ ಹೋಲಿಸಿದರೆ ಸುಲಭ, ಅದಕ್ಕೇ ಬೆಂಗಳೂರಿನ ಕ್ಲಾಸಲ್ಲಿ ಕಲಿತ ಅಳತೆ ಊರಿಗೆ ಹೋದ ಮೇಲೆ ಕೈಕೊಡುತ್ತದೆ. ಅಳತೆ ತಪ್ಪಲ್ಲ, ಹವೆ ಬೇರೆ.

ಮಲ್ಲಿಗೆ ಮೊಗ್ಗು ಗಮ್ ಪೇಸ್ಟ್‌ನಲ್ಲಿ ಮಾಡಬಹುದಾ? ಎಲ್ಲರೂ ಗುಲಾಬಿಯನ್ನೇ ಕಲಿಸುತ್ತಾರೆ.

ಖಂಡಿತ ಮಾಡಬಹುದು, ಮಾಡಲೇಬೇಕು. ನಮ್ಮ ಮದುವೆ ಕೇಕ್ ಮೇಲೆ ಮಲ್ಲಿಗೆ, ಕನಕಾಂಬರ ಇದ್ದರೆ ಅದರ ಚೆಂದವೇ ಬೇರೆ. ಗುಲಾಬಿಗಿಂತ ಸುಲಭವೂ ಹೌದು.

28 ಗೇಜ್ ಬಿಳಿ ತಂತಿಯನ್ನು ಮೂರಿಂಚು ತುಂಡು ಮಾಡಿ ತುದಿಯಲ್ಲಿ ಪುಟ್ಟ ಕೊಕ್ಕೆ ಬಗ್ಗಿಸಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು, ಇದು ನೆನಪಿರಲಿ. ಹಸಿ ಬಟಾಣಿಗಿಂತ ಚಿಕ್ಕ ಉಂಡೆ ತೆಗೆದು ಅಂಗೈಯಲ್ಲಿ ಉರುಳಿಸಿ. ಕೊಕ್ಕೆಗೆ ಟೈಲೋಸ್ ಅಂಟು ಮುಟ್ಟಿಸಿ ಉಂಡೆಯೊಳಗೆ ತೂರಿಸಿ. ಈಗ ಉಂಡೆಯ ಕೆಳಭಾಗವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆಯುತ್ತಾ ತಂತಿಯ ಉದ್ದಕ್ಕೆ ಇಳಿಸಿ, ಅದು ಮೊಗ್ಗಿನ ತೊಟ್ಟಿನ ನಳಿಕೆ. ತಲೆ ಗುಂಡಗೆ, ತುದಿ ಚೂರು ಚೂಪು ಇರಲಿ. ಚಾಕುವಿನ ಬೆನ್ನಲ್ಲಿ ತುದಿಯಿಂದ ನಾಲ್ಕೈದು ಗೆರೆ ಮೆಲ್ಲಗೆ ಒತ್ತಿ, ಗೆರೆ ನೇರ ಬೇಡ, ಸ್ವಲ್ಪ ಸುರುಳಿ ತಿರುಗಲಿ, ಮೊಗ್ಗಿನಲ್ಲಿ ಎಸಳು ಒಂದರ ಮೇಲೊಂದು ಸುತ್ತಿಕೊಂಡಿರುವುದು ಹಾಗೇ. ಒಣಗಿದ ಮೇಲೆ ತೊಟ್ಟಿನ ಬುಡಕ್ಕೆ ತಿಳಿಹಸಿರು ಪುಡಿ ಬಣ್ಣವನ್ನು ಒಣ ಕುಂಚದಲ್ಲಿ ಸವರಿ. ತೀರಾ ಅಚ್ಚ ಬಿಳಿ ಪೇಸ್ಟ್ ಬಳಸಿದರೆ ಪ್ಲಾಸ್ಟಿಕ್ ಹೂವಿನ ಕಳೆ ಬರುತ್ತದೆ. ಒಂದು ಕಡ್ಡಿ ತುದಿಯಷ್ಟು ಹಳದಿ ಸೇರಿಸಿಕೊಳ್ಳಿ.

ಮೊಗ್ಗುಗಳನ್ನು ಒಂದೇ ಗಾತ್ರದಲ್ಲಿ ಮಾಡಬೇಡಿ. ಮಾಲೆ ಕಟ್ಟುವವರ ಕೈಯಲ್ಲಿರುವ ಮಲ್ಲಿಗೆಯನ್ನು ಗಮನವಿಟ್ಟು ನೋಡಿ, ಎರಡು ಮೊಗ್ಗು ಒಂದೇ ಥರ ಇರುವುದಿಲ್ಲ. ಕನಕಾಂಬರದ್ದು ಇನ್ನೊಂದು ವಿಶೇಷ: ಹೂವು ಸುತ್ತ ಅರಳುವುದಿಲ್ಲ, ಒಂದೇ ಕಡೆಗೆ ಬೀಸಣಿಗೆ ಬಿಡಿಸಿಕೊಂಡಿರುತ್ತದೆ. ಐದೆಸಳಿನ ಕಟರ್ ಬಳಸಿ ಸುತ್ತ ಎಸಳು ಇಟ್ಟುಬಿಟ್ಟರೆ ಅದು ಕನಕಾಂಬರ ಅಲ್ಲ, ಬೇರೆ ಯಾವುದೋ ಹೂವು.

ತಂತಿಯನ್ನು ನೇರ ಕೇಕ್‌ಗೆ ಚುಚ್ಚಬಹುದಾ?

ಬೇಡ. ಇದರಲ್ಲಿ ರಾಜಿ ಇಲ್ಲ. ಹೂವಿನ ತಂತಿ, ಟೇಪು ತಿನ್ನುವ ವಸ್ತುವಿಗೆ ತಾಗಬೇಕಾದವಲ್ಲ. ಪೋಸಿ ಪಿಕ್ ಅಂತ ಪುಟ್ಟ ಪ್ಲಾಸ್ಟಿಕ್ ನಳಿಕೆ ಸಿಗುತ್ತದೆ, ಅದನ್ನು ಕೇಕ್‌ಗೆ ಚುಚ್ಚಿ ಒಳಗೆ ಹೂವಿನ ಕಾಂಡ ಇಡಿ. ಸಿಗದಿದ್ದರೆ ದಪ್ಪ ಸ್ಟ್ರಾ ಒಂದರ ತುದಿಯನ್ನು ಚಾಕೊಲೇಟ್‌ನಿಂದ ಮುಚ್ಚಿ ಬಳಸಿ. ಬೊಂಬೆಗಳ ಕೈಕಾಲಿಗೆ ಟೂತ್‌ಪಿಕ್ ಬದಲು ಬೇಯಿಸದ ಸ್ಪಗೆಟಿ ಕಡ್ಡಿ ಒಳ್ಳೆಯದು, ಮಗು ಕಚ್ಚಿದರೂ ಅಪಾಯ ಕಡಿಮೆ.

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಅಚ್ಚುಗಳನ್ನು ಬಳಸಬಹುದಾ?

ಬಳಸಬಹುದು, ತುಂಬ ಚೆನ್ನಾಗಿ ಬರುತ್ತದೆ. ಅಜ್ಜಿಯ ಕಾಲದ ತೇರು, ತುಳಸಿಕಟ್ಟೆ, ಆನೆ, ಗಿಳಿ ಮನೆಯಲ್ಲಿ ಇದ್ದರೆ ಸಿಲಿಕೋನ್ ಅಚ್ಚು ತರುವ ಮೊದಲು ಅದನ್ನು ಹೊರತೆಗೆಯಿರಿ. ಪಾಕ ಸುರಿಯುವಾಗ ಅಚ್ಚನ್ನು ನೀರಲ್ಲಿ ನೆನೆಸುತ್ತಾರಲ್ಲ, ಫಾಂಡೆಂಟ್‌ಗೆ ಹಾಗೆ ಮಾಡಬೇಡಿ. ಅಚ್ಚು ಪೂರ್ತಿ ಒಣಗಿರಬೇಕು. ಮೆತ್ತನೆ ಕುಂಚದಲ್ಲಿ ಕಾರ್ನ್‌ಫ್ಲೋರ್ ಸವರಿ, ಟೈಲೋಸ್ ಸೇರಿಸಿದ ಫಾಂಡೆಂಟ್ ಒತ್ತಿ, ಅಂಚು ಕತ್ತರಿಸಿ, ಕವುಚಿ ತಟ್ಟಿ. ಎರಡು ಹೋಳುಗಳನ್ನು ಬೇರೆ ಬೇರೆ ಒತ್ತಿ ಆಮೇಲೆ ಅಂಟಿಸಿದರೆ ಪೂರ್ತಿ ಬೊಂಬೆ. ಕೆಲಸ ಮುಗಿದ ಮೇಲೆ ಒಣ ಕುಂಚದಲ್ಲೇ ಸ್ವಚ್ಛ ಮಾಡಿ.

ಕೆಂಪು, ಕಪ್ಪು ಬಣ್ಣ ಸರಿಯಾಗಿ ಬರಲ್ಲ, ಕಹಿಯೂ ಆಗುತ್ತೆ.

ಬಣ್ಣ ಹಾಕಿದ ಕೂಡಲೇ ಕಾಣುವುದು ಅದರ ಕೊನೆಯ ಬಣ್ಣ ಅಲ್ಲ. ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿ ನಾದಿ, ಸುತ್ತಿ, ರಾತ್ರಿ ಬಿಡಿ, ಬೆಳಗ್ಗೆ ಗಾಢವಾಗಿರುತ್ತದೆ. ಜೆಲ್ ಬಣ್ಣ ಬಳಸಿ, ನೀರಿನಂಥ ದ್ರವ ಬಣ್ಣ ಫಾಂಡೆಂಟನ್ನು ಕರಗಿಸುತ್ತದೆ. ಕಪ್ಪಿಗೆ ಬಿಳಿಯಿಂದ ಶುರು ಮಾಡಬೇಡಿ, ಕೋಕೋ ಸೇರಿಸಿದ ಕಂದು ಫಾಂಡೆಂಟ್‌ನಿಂದ ಶುರು ಮಾಡಿದರೆ ಬಣ್ಣ ಅರ್ಧ ಸಾಕು. ಗುಲಾಬಿ, ನೇರಳೆ ಬಣ್ಣಗಳು ಬೆಳಕಿಗೆ ಬಿಳಿಚಿಕೊಳ್ಳುತ್ತವೆ, ಮುಚ್ಚಿಡಿ.

ಈ ಬಣ್ಣಗಳು ಸುರಕ್ಷಿತವೇ?

ಮಿತಿಯೊಳಗಿದ್ದರೆ, ಅನುಮತಿ ಇರುವ ಬಣ್ಣವೇ ಆಗಿದ್ದರೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಯಲ್ಲಿ ತಿನ್ನುವುದರಲ್ಲಿ ಅನುಮತಿಯೇ ಇಲ್ಲದ ರೋಡಮಿನ್-ಬಿ ಬಣ್ಣ ಸಿಕ್ಕಿ ನಿಷೇಧದ ಸುದ್ದಿ ಆಯಿತಲ್ಲ, ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಕೇಕ್‌ಗಳನ್ನೂ ಪರೀಕ್ಷಿಸಿತು. 235 ಮಾದರಿಗಳಲ್ಲಿ 12 ಅಸುರಕ್ಷಿತ ಅಂತ ಬಂತು. ಅಲ್ಲಿ ಹೆಸರು ಬಂದ ಟಾರ್ಟ್ರಜೀನ್, ಪಾನ್ಸಿಯೋ 4ಆರ್, ಕಾರ್ಮೋಸಿನ್ ಇವೆಲ್ಲ ಮಿತಿಯಲ್ಲಿ ಬಳಸಲು ಅನುಮತಿ ಇರುವ ಬಣ್ಣಗಳೇ. ಅಂದರೆ ಪ್ರಮಾಣವೂ ಮುಖ್ಯ. ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದ, ಬಿಡಿಯಾಗಿ ತೂಗಿ ಕೊಡುವ ಬಣ್ಣ ತರಬೇಡಿ. ಇಡೀ ಕೇಕ್ ಕಡುಗೆಂಪು ಬೇಕು ಅನ್ನುವವರಿಗೆ ಬಿಳಿ ಕೇಕ್ ಮೇಲೆ ಕೆಂಪು ಹೂವು ಇಡೋಣ ಅಂತ ಹೇಳಿ ನೋಡಿ, ಬಹಳ ಜನ ಒಪ್ಪುತ್ತಾರೆ.

ಚಿನ್ನದ ಪುಡಿ?

ಡಬ್ಬಿಯ ಮೇಲೆ ನಾನ್ ಟಾಕ್ಸಿಕ್ ಅಂತ ಬರೆದಿದ್ದರೆ ಅದು ತಿನ್ನುವ ವಸ್ತು ಅಂತ ಅರ್ಥವಲ್ಲ. ಎಡಿಬಲ್ ಅಂತ ಇರಬೇಕು, ಪದಾರ್ಥಗಳ ಪಟ್ಟಿಯೂ ಇರಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಿಂದ 6 ಮಕ್ಕಳಿಗೆ ವಾಂತಿ ಭೇದಿ ಆಯಿತು, ಕೇಕ್ ಮೇಲಿದ್ದ ಚಿನ್ನದ ಬಣ್ಣದ ಪುಡಿಯಲ್ಲಿ ತಾಮ್ರ ಇತ್ತು. ನಮ್ಮ ಬೇಕಿಂಗ್ ಅಂಗಡಿಗಳಲ್ಲಿ ಎರಡೂ ಥರದ ಡಬ್ಬಿಗಳು ಒಂದೇ ಸಾಲಲ್ಲಿ ಇರುತ್ತವೆ, ಓದಿ ತನ್ನಿ.

ಪುಡಿಯನ್ನು ಬಳಿಯಲು ನೀರು ಬಳಸಬೇಡಿ, ಸಕ್ಕರೆ ಕರಗುತ್ತದೆ. ವೋಡ್ಕಾದಲ್ಲಿ ಕಲಸುತ್ತಾರೆ, ಬೇಗ ಹಾರಿಹೋಗುತ್ತದೆ. ಮದ್ಯ ಬೇಡ ಅನ್ನುವವರು ಕರಗಿಸಿದ ಕೋಕೋ ಬಟರ್‌ನಲ್ಲಿ ಕಲಸಿ.

ಉಳಿದ ಫಾಂಡೆಂಟ್, ಮಾಡಿಟ್ಟ ಹೂವು ಎಷ್ಟು ದಿನ ಇರುತ್ತೆ?

ಫಾಂಡೆಂಟ್‌ಗೆ ಮೇಲೆ ಶಾರ್ಟನಿಂಗ್ ಸವರಿ, ಎರಡು ಸುತ್ತು ಪ್ಲಾಸ್ಟಿಕ್ ಹಾಳೆ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮನೆಯದ್ದು ಎರಡು ವಾರದೊಳಗೆ ಮುಗಿಸಿ, ಅಂಗಡಿಯದ್ದಕ್ಕೆ ಪ್ಯಾಕೆಟ್ ಮೇಲಿನ ದಿನಾಂಕ ನೋಡಿ. ಒಣಗಿದ ಹೂವಿಗೆ ಉಲ್ಟಾ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಬೇಡ. ರಟ್ಟಿನ ಡಬ್ಬ, ಒಳಗೆ ಹೊಲಿದ ಸಿಲಿಕಾ ಜೆಲ್ ಪೊಟ್ಟಣ, ಕತ್ತಲ ಜಾಗ. ತಿಂಗಳುಗಟ್ಟಲೆ ಇರುತ್ತದೆ. ಇರುವೆ ಕಾಟಕ್ಕೆ ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಕವುಚಿ ಅದರ ಮೇಲೆ ಡಬ್ಬ ಇಡಿ. ಇರುವೆ ಸೀಮೆಸುಣ್ಣ, ಕರ್ಪೂರ ಹತ್ತಿರ ತರಬೇಡಿ.

ಜನ ಫಾಂಡೆಂಟ್ ಸುಲಿದು ಬದಿಗಿಡುತ್ತಾರೆ. ರುಚಿಯೇ ಇಲ್ವಂತೆ.

ದಪ್ಪ ಹೊದಿಸಿದರೆ ಯಾರೂ ತಿನ್ನುವುದಿಲ್ಲ, ಬರೀ ಸಿಹಿ. ಮೂರು ಮಿಲಿಮೀಟರ್‌ಗೆ ಇಳಿಸಿ, ವೆನಿಲಾ ಅಥವಾ ಬಾದಾಮಿ ಎಸೆನ್ಸ್ ನಾಲ್ಕು ಹನಿ ಸೇರಿಸಿ, ಕೇಕ್‌ನಲ್ಲಿ ಸಕ್ಕರೆ ಸ್ವಲ್ಪ ಕಡಿಮೆ ಮಾಡಿ, ಕಹಿ ಇರುವ ಡಾರ್ಕ್ ಗನಾಶ್ ಬಳಸಿ. ಮದುವೆಯ ಪ್ಲಮ್ ಕೇಕ್ ಆದರೆ ಒಳಗೆ ಮಾರ್ಜಿಪಾನ್ (ಬಾದಾಮಿ, ಸಕ್ಕರೆ ಅರೆದು ಮಾಡುವ ಮುದ್ದೆ) ಪದರ ಕೊಡಿ, ಮಂಗಳೂರಿನ ಕ್ರಿಸ್ಮಸ್ ತಿಂಡಿಗಳಾದ ಕುಸ್ವಾರ್‌ನಲ್ಲಿ ಗೋಡಂಬಿಯದ್ದು ಮಾಡುತ್ತಾರಲ್ಲ, ಅದೇ ಚೆನ್ನಾಗಿ ಹೊಂದುತ್ತದೆ.

ಒಳ್ಳೆಯ ಕೆಲಸವನ್ನು ಹತ್ತಿರದಿಂದ ಎಲ್ಲಿ ನೋಡಬಹುದು?

ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ನಡೆಯುವ ಕೇಕ್ ಶೋಗೆ ಹೋಗಿ. 1970ರ ದಶಕದಿಂದ ನಡೆದುಬಂದಿದೆ, ಆಳೆತ್ತರದ ಕಟ್ಟಡ, ಪ್ರಾಣಿಗಳನ್ನು ಸಕ್ಕರೆಯಲ್ಲೇ ಮಾಡಿರುತ್ತಾರೆ. ದೂರದಿಂದ ಫೋಟೋ ತೆಗೆದು ಬರಬೇಡಿ. ಹತ್ತಿರ ಹೋಗಿ ಜೋಡಣೆಯ ಗೆರೆ ಎಲ್ಲಿ ಅಡಗಿಸಿದ್ದಾರೆ, ಬಟ್ಟೆಯ ಮಡಿಕೆ ಹೇಗೆ ಬಿಟ್ಟಿದ್ದಾರೆ ನೋಡಿ.

ಎಷ್ಟು ಮುಂಚೆ ಶುರು ಮಾಡಬೇಕು?

ಹೂವು, ಬೊಂಬೆ ಒಂದು ವಾರ ಮುಂಚೆ, ಮಳೆಗಾಲದಲ್ಲಿ ಎರಡು ವಾರ. ಕೇಕ್ ಎರಡು ದಿನ ಮುಂಚೆ, ಅದೇ ರಾತ್ರಿ ಗನಾಶ್, ಹಿಂದಿನ ದಿನ ಸಂಜೆ ಫಾಂಡೆಂಟ್ ಹೊದಿಸುವುದು. ಹೂವು ಜೋಡಿಸುವುದು ಅದೇ ದಿನ.

ಕೇಕ್ ಒಯ್ಯುವಾಗ, ಕೊಡುವಾಗ ಏನೇನು ನೋಡಿಕೊಳ್ಳಬೇಕು?

ಕಾರಿನಲ್ಲಿ ಸಮತಟ್ಟಾದ ಜಾಗ ಅಂದರೆ ಸೀಟಿನ ಮುಂದಿನ ನೆಲ ಅಥವಾ ಡಿಕ್ಕಿ. ಸೀಟು ಓರೆ ಇರುತ್ತದೆ, ತೊಡೆ ಬಿಸಿ ಇರುತ್ತದೆ, ಎರಡೂ ಬೇಡ. ಡಬ್ಬದ ಕೆಳಗೆ ಜಾರದ ರಬ್ಬರ್ ಚಾಪೆ ಹಾಕಿ. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯಬೇಕಾದರೆ ಎರಡು ಅಂತಸ್ತಿನ ಕೇಕನ್ನು ಜೋಡಿಸಿ ಒಯ್ಯಬೇಡಿ, ಬೇರೆ ಬೇರೆ ಡಬ್ಬದಲ್ಲಿ ಒಯ್ದು ಅಲ್ಲೇ ಜೋಡಿಸಿ. ಕೆಳಗಿನ ಅಂತಸ್ತಿಗೆ ಆಧಾರದ ಕಡ್ಡಿಗಳನ್ನು ಮನೆಯಲ್ಲೇ ಹಾಕಿಟ್ಟಿರಿ.

ಕೊಡುವಾಗ ಒಂದು ಚೀಟಿ ಬರೆದು ಡಬ್ಬಕ್ಕೆ ಅಂಟಿಸಿ, ಬಾಯಲ್ಲಿ ಹೇಳಿದ್ದು ಮದುವೆ ಮನೆಯ ಗಲಾಟೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಜೆಲಟಿನ್, ಮೊಟ್ಟೆ, ಗೋಡಂಬಿ, ಬಾದಾಮಿ ಇದೆಯೇ ಇಲ್ಲವೇ. ಯಾವುದರಲ್ಲಿ ತಂತಿ ಇದೆ, ಎಷ್ಟು ಕಡ್ಡಿ ಚುಚ್ಚಿದ್ದೀರಿ, ಎಲ್ಲೆಲ್ಲಿ. ಫ್ರಿಜ್‌ಗೆ ಇಡಬೇಕೋ ಬೇಡವೋ. ಕತ್ತರಿಸುವ ಮೊದಲು ಹೂವುಗಳನ್ನೆಲ್ಲ ತೆಗೆದಿಡಿ ಅಂತ ದೊಡ್ಡಕ್ಷರದಲ್ಲಿ. ಮಕ್ಕಳು ಮೊದಲು ಕೈ ಹಾಕುವುದೇ ಹೂವಿಗೆ.